ಅರಿಸಿನ ಬೆರೆತ ಮಣ್ಣು

ಯಾವ ಮಾತನ್ನೂ ಆಡುವ ಮೊದಲು ಕೈಜೋಡಿಸುತ್ತೇನೆ. ಓಷಧಿಗಳಿಗೆ ಒಡೆಯನೆಂದು ಹಿರಿಯರು ಹೇಳಿದ ಚಂದ್ರನಿಗೆ, ಆ ಚಂದ್ರನನ್ನು ಮುಡಿದವನಿಗೆ. ಬೇರು, ತೊಗಟೆ, ಗಡ್ಡೆಗಳಲ್ಲಿ ಕಹಿಯನ್ನೂ ಕರುಣೆಯನ್ನೂ ಒಟ್ಟಿಗೆ ಇಟ್ಟ ಭೂಮಿತಾಯಿಗೆ. ನನ್ನ ನಾಲಗೆಯನ್ನು ತಿದ್ದಿದ ಗುರುಗಳಿಗೆ. ಕಡೆಯದಾಗಿ, ನನ್ನ ಕೊರಳನ್ನು ಹಿಸುಕಿದ ಎರಡು ಕೈಗಳಿಗೆ. ಆ ಕೈಗಳು ನನ್ನ ತಮ್ಮನವು. ಅವುಗಳಿಗೆ ಕೃತಜ್ಞತೆ ಹೇಳುವುದನ್ನು ನಾನು ತಡವಾಗಿ ಕಲಿತೆ. ಕಲಿತ ಬಗೆಯನ್ನು ಇಲ್ಲಿ ಬರೆದಿಡುತ್ತೇನೆ.

ನಾವಿಬ್ಬರೂ ಸುರಪುರದಲ್ಲಿ ಹುಟ್ಟಿದವರು. ತಂದೆಯವರು ನನ್ನನ್ನು ಪಾಠಶಾಲೆಗೆ ಕಳಿಸಿದರು. ತಮ್ಮ ತಾನಾಗಿಯೇ ಗರಡಿಮನೆಗೆ ಹೋದ. ನಾನು ಶಬ್ದರೂಪಗಳನ್ನು ಬಾಯಿಪಾಠ ಮಾಡುತ್ತಿದ್ದ ಹೊತ್ತಿನಲ್ಲಿ ಅವನು ಬಂಡೆಗಳ ನಡುವಿನ ಆ ತಗ್ಗು ಮನೆಯೊಳಗೆ ದಂಡ ಹೊಡೆಯುತ್ತಿದ್ದ. ಗರಡಿಯ ಮಣ್ಣು ಬರಿಯ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ಅರಿಸಿನ, ಎಣ್ಣೆ, ಮಜ್ಜಿಗೆ, ಒಣಗಿದ ಬೇವಿನೆಲೆಯ ಪುಡಿ ಬೆರೆಸಿ, ಕಾಲಿನಿಂದ ತುಳಿದು ಹದಮಾಡುತ್ತಾರೆ. ಮೊಣಕೈ ಕೆತ್ತಿ ರಕ್ತ ಬಂದರೆ ಪೈಲ್ವಾನರು ಅದೇ ಮಣ್ಣನ್ನು ಗಾಯಕ್ಕೊತ್ತಿ ಮತ್ತೆ ಕಾದುವರು. ಕಾಳಗಕ್ಕೆಂದು ಹದಮಾಡಿದ ನೆಲದಲ್ಲಿಯೇ ಗಾಯದ ಮದ್ದನ್ನೂ ಬೆರೆಸಿಟ್ಟವರು ಯಾರೋ, ಅವರು ಮನುಷ್ಯಸ್ವಭಾವವನ್ನು ಬಲ್ಲವರು. ಆ ನೆಲಕ್ಕೆ ಒಂದೇ ಧರ್ಮ: ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿತೆಂದರೆ ಕುಸ್ತಿ ಮುಗಿಯಿತು. ಆಮೇಲೆ ಅವನ ಮೇಲೆ ಕೈ ಹಾಕುವುದಾದರೆ, ಎಬ್ಬಿಸುವುದಕ್ಕೆ ಮಾತ್ರ.

ತಮ್ಮನಿಗೆ ಜೋಡಿಯಾದವನು ನಮ್ಮದೇ ಓಣಿಯ ಮುಸಲ್ಮಾನ ಗೆಳೆಯ. ಈಗ ಆ ಗರಡಿಗೆ ಅವನೇ ಉಸ್ತಾದ. ಇವರಿಬ್ಬರ ಕುಸ್ತಿ ಎಂದೂ ಇತ್ಯರ್ಥವಾದದ್ದಿಲ್ಲ. ಮೈಯೆಲ್ಲ ಮಣ್ಣಾಗಿ, ಕಿವಿ ಹರಿದು, ಹುಬ್ಬು ಒಡೆದು, ಕೊನೆಗೆ ಪಂಚರು ಕೈಯೆತ್ತಿ ಸಮವೆಂದು ಬಿಡಿಸುತ್ತಿದ್ದರು. “ನಿನ್ನ ಬೆನ್ನಿಗಿ ಮಣ್ಣು ಹಚ್ಚದ ಸಾಯಂಗಿಲ್ಲಲೇ,” ಎಂದು ತಮ್ಮ ಹೇಳುತ್ತಿದ್ದ. “ಹಂಗಾದ್ರ ನಿನಗ ಮೌತೇ ಇಲ್ಲ ಬಿಡು ಯಾರ್,” ಎಂದು ಉಸ್ತಾದ ನಗುತ್ತಿದ್ದ.

ಮುಪ್ಪಿನಲ್ಲಿ ತಮ್ಮನ ಎದೆಯ ಕವಾಟವೊಂದನ್ನು ಬದಲಿಸಿದರು. ರಕ್ತ ಹೆಪ್ಪುಗಟ್ಟದಂತೆ ನಿತ್ಯವೂ ಗುಳಿಗೆ ನುಂಗಬೇಕಾಯಿತು. ಅದನ್ನು ಅವನು ಲೆಕ್ಕಿಸಲಿಲ್ಲ. ಅನಂತರ ಬಂದದ್ದು ಮೆದುಳನ್ನು ಸವೆಯಿಸುವ ರೋಗ. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು, ಆಮೇಲೆ ಮುಖಗಳು. ಮುಖಗಳು ಹೋದ ಜಾಗಕ್ಕೆ ಸಿಟ್ಟು ಬಂದು ಕುಳಿತಿತು. ಶಹಾಪುರದಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾಗಿದ್ದ ನಾನು ಪೂಜೆಯ ಪೆಟ್ಟಿಗೆಯನ್ನು ಹೊತ್ತುಕೊಂಡು ಸುರಪುರದ ಅವನ ಮನೆಗೆ ಬಂದು ನೆಲೆಸಿದೆ.

ಬಂದ ಹೊಸತರಲ್ಲಿ ಒಂದು ಬೆಳಗ್ಗೆ ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅವನು ಮೂಲೆಯಲ್ಲಿದ್ದ ಕಟ್ಟಿಗೆಯ ಗದೆಯನ್ನು ಎತ್ತಿಕೊಂಡು ಬಂದ. ಒಂದು ಕಾಲಕ್ಕೆ ಅದನ್ನು ಹೂವಿನಂತೆ ತಿರುವುತ್ತಿದ್ದವನು. “ಯಾರಿಕಿ? ನನ್ನ ಹೆಂಡತಿಯ ಒಲೀ ಮುಂದ ಈಕಿ ಯಾಕ್ ಕುಂತಾಳ?” ಎಂದು ಕೂಗಿ ಬೀಸಿದ. ಅವಳು ಕೈ ಅಡ್ಡ ಹಿಡಿದಳು. ಒಣಗಿದ ತೊಗರಿಕಟ್ಟಿಗೆಯನ್ನು ಮೊಣಕಾಲಿಗೆ ಹಚ್ಚಿ ಮುರಿದಂಥ ಸದ್ದಾಯಿತು. ಎರಡನೆಯ ಏಟು ಒಲೆಗೆ ಬಿತ್ತು. ಕೆಂಡ, ಹಿಟ್ಟು, ಒಡೆದ ಹಂಚು ಅವಳ ಮಡಿಲಿಗೆ ಹಾರಿದವು. ಮೂರನೆಯದನ್ನು ಎತ್ತುವಷ್ಟರಲ್ಲಿ ಗೋಡೆಯಾಚೆಯ ತನ್ನ ಮನೆಯಿಂದ ಉಸ್ತಾದ ಬಂದು ಹಿಂದಿನಿಂದ ಅವನನ್ನು ತಬ್ಬಿ ಹಿಡಿದ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಸಂಜೆ ಓಣಿಯ ಹೆಂಗಸರು ಸುತ್ತ ಕುಳಿತರು.

“ಸರಪಳಿ ಹಾಕವ್ವಾ. ಎಮ್ಮಿಗಿ ಹಾಕಂಗಿಲ್ಲೇನು?” ಎಂದಳು ಒಬ್ಬ ಮುದುಕಿ.

“ಇಲ್ಲಾಂದ್ರ ದೂರ ಎಲ್ಲ್ಯಾರ ಬೀಗದ ದವಾಖಾನ್ಯಾಗ ಬಿಟ್ಟು ಬರ್ರಿ. ನಾಳಿ ಯಾರದಾರ ತಲೀ ಒಡದಾನು.”

ನನ್ನ ತಮ್ಮನ ಹೆಂಡತಿ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ಸೋತಾಗೂ ತಲೀ ತಗ್ಗಿಸಿ ಮನೀಗಿ ಬಂದವನಲ್ಲ ನನ ಗಂಡ. ಅವಂಗ ಸರಪಳೀನೂ ಇಲ್ಲ, ಬೀಗಾನೂ ಇಲ್ಲ,” ಎಂದಳು. ಆ ಮಾತು ನಿಲ್ಲುವುದೋ ಮುರಿಯುವುದೋ ಎಂಬುದೇ ಅಂದಿನಿಂದ ನಮ್ಮ ಮನೆಯ ಪ್ರಶ್ನೆಯಾಯಿತು.

ಅವರಿಗೆ ಒಬ್ಬಳೇ ಮಗಳು. ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಾಳೆ. ಗಿಡಮೂಲಿಕೆಗಳ ಸತ್ವಗಳಿಂದ ಮೆದುಳಿನ ಉರಿಯೂತ ತಗ್ಗುವುದೇ ಎಂಬುದು ಅವಳ ವಿಷಯ. ಅಪ್ಪನ ರೋಗಕ್ಕಿಂತ ಮೊದಲೇ ಆರಿಸಿಕೊಂಡ ವಿಷಯವದು, ದೈವದ ಆಟ. ಅವ್ವನ ಕೈ ನೋಡಲು ಬಂದವಳನ್ನು ಉಸ್ತಾದ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದ: “ಬೇಟಾ, ನಿಮ್ಮಪ್ಪನ ತಲ್ಯಾಗ ಏನ್ ನಡದದ, ನನಗ ತಿಳಿಯೂವಂಗ ಹೇಳು.”

“ಮೆದುಳಿನ್ಯಾಗ ಕಾವಲುಗಾರರಂಥಾ ಕೋಶ ಇರ್ತಾವ ಚಾಚಾ. ಕಸ ತಗೀತಾವ, ಕಳ್ಳ ಬಂದ್ರ ಹೊಡದು ಹಾಕ್ತಾವ. ಕಳ್ಳ ಹೋದ ಮ್ಯಾಲ ಬಡಿಗಿ ಕೆಳಗಿಟ್ಟು ಸುಮ್ಮನಾಗಬೇಕು. ಈ ರೋಗದಾಗ ಸುಮ್ಮನಾಗಂಗಿಲ್ಲ. ಹೊಡೀತಾನೇ ಇರ್ತಾವ. ಮನೀ ಮಂದೀನೇ ಹೊಡದು ಮಲಗಸ್ತಾವ. ಅದಕ್ಕ ಉರಿಯೂತ ಅಂತೀವಿ.”

“ಅಂದ್ರ ನಿಮ್ಮಪ್ಪನ ತಲೀ ಒಳಗೂ ನಿಮ್ಮಪ್ಪನಂಥಾವ್ರೇ ಕುಂತಾರ ಅನ್ನು.”

ಅವಳು ನಕ್ಕಳು, ನಕ್ಕದ್ದಕ್ಕೆ ಕಣ್ಣು ಒರೆಸಿಕೊಂಡಳು. “ಹೌದ್ರಿ. ಮುಗೀತು, ಬಿಡ್ರಿ ಅಂತ ಅವಕ್ಕ ಹೇಳಾವ್ರು ಯಾರೂ ಇಲ್ಲ. ಹಂಗ ಸನ್ನೆ ಮಾಡೋ ಗುಣ ಯಾವ ಗಿಡದಾಗ ಅದ ಅಂತ ಹುಡಕಾಕತ್ತೀವಿ. ಗಾಜಿನ ತಟ್ಟ್ಯಾಗ ಬೆಳಸಿದ ಕೋಶಕ್ಕ ಅರಿಸಿನದ ಸತ್ವ ಹಾಕಿದ್ರ ಸಿಟ್ಟು ಇಳೀತದ. ಇಲಿಗೂ ಒಂದೀಟು ಗುಣ ಕಂಡದ. ಮನಷ್ಯಾಗ ಇನ್ನಾ ಖಾತ್ರಿ ಇಲ್ಲ. ಹೊಟ್ಟಿಯಿಂದ ರಕ್ತಕ್ಕ ಹೋಗೋದೇ ಕಡಿಮಿ. ಮೆದುಳಿಗಿ ಮುಟ್ಟೋದು ಇನ್ನೂ ಕಡಿಮಿ. ಕರಿಮೆಣಸು ಕೂಡಿಸಿದ್ರ ರಕ್ತದಾಗ ಜಾಸ್ತಿ ಹೊತ್ತು ನಿಲ್ತದ, ಅಷ್ಟ.”

ನಾನು ಸುಮ್ಮನಿರಲಾರದೆ ಹರಿದ್ರೆಯ ಗುಣಗಳನ್ನು ಹೇಳುವ ಶ್ಲೋಕವೊಂದನ್ನು ಅಂದೆ. ಅವಳು ಭಕ್ತಿಯಿಂದಲೇ ಕೇಳಿ, “ಅದರಾಗ ಅಳತಿ ಎಷ್ಟಂತ ಹೇಳ್ಯಾರ ದೊಡ್ಡಪ್ಪಾ?” ಎಂದಳು. ರೋಗಿಯ ಬಲವನ್ನೂ ಜಠರಾಗ್ನಿಯನ್ನೂ ನೋಡಿ ಎಂದಷ್ಟೇ ನನಗೆ ತಿಳಿದಿತ್ತು, ಅದನ್ನೇ ಹೇಳಿದೆ.

ಒಳಗಿನಿಂದ ಅವಳ ಅವ್ವ ಚುಚ್ಚಿದಳು: “ಇಲಿಗಿ ಔಷಧ ಕೊಡ್ತಿ, ಅಪ್ಪಗ ಇಲ್ಲೇನವ್ವಾ?”

“ಖಾತ್ರಿ ಆಗದ್ದು ಅಪ್ಪಗ ಹ್ಯಾಂಗ ಕೊಡ್ಲಿ? ಅವ ನನಗ ಇಲಿ ಏನು?” ಎಂದು ಮಗಳು ಎದ್ದುಹೋದಳು. ಮರುದಿನ ಕಲಬುರಗಿಗೆ ಹೊರಟಳು.

ಉಸ್ತಾದನ ಕಿವಿಯಲ್ಲಿ ಉಳಿದದ್ದು ಎರಡೇ ಮಾತು: ಅರಿಸಿನ, ಮೆಣಸು. ಗರಡಿಯವರಿಗೆ ಔಷಧವೆಂಬುದು ಬೇರೆಯಿಲ್ಲ, ಎಲ್ಲವೂ ಖುರಾಕು. ಪೈಲ್ವಾನನಿಗೆ ಕೊಡುವ ಹಾಲು, ತುಪ್ಪ, ಬದಾಮಿಗಳನ್ನು ಅವರು ಮೈಯ ಗಾತ್ರ ನೋಡಿ ಅಳೆಯುವರು. ಅವನು ಬೆಳಗಿನ ನಮಾಜು ಮುಗಿಸಿ ಹಸಿ ಅರಿಸಿನದ ಕೊಂಬುಗಳನ್ನು ತಾನೇ ಅರೆದು, ಮುಷ್ಟಿ ತುಂಬ ಮೆಣಸು ಕುಟ್ಟಿ ಹಾಕಿ, ತುಪ್ಪ ಬದಾಮಿ ಹಾಲು ಸೇರಿಸಿ, ಹಿತ್ತಾಳೆಯ ತಂಬಿಗೆಯನ್ನು ತುಂಬಿ ತರತೊಡಗಿದ. “ಖುರಾಕು ಬಂತು ನೋಡೋ ಪೈಲ್ವಾನಾ,” ಎಂದರೆ ತಮ್ಮ ಮಗುವಿನಂತೆ ಬಾಯೊಡ್ಡುವನು. ಬೇರೆಯವರ ಕೈಯ ನೀರನ್ನೂ ಉಗುಳುತ್ತಿದ್ದವನು ಗೆಳೆಯನ ಕೈಯಿಂದ ಕೊನೆಯ ಹನಿಯವರೆಗೂ ಕುಡಿದ. ನಾವೆಲ್ಲ ಅದನ್ನು ಸ್ನೇಹದ ಉಪಚಾರವೆಂದು ತಿಳಿದೆವು. ಅರಿಸಿನದ ಹಾಲು ಯಾರ ಮನೆಯಲ್ಲಿ ಇಲ್ಲ?

ಕೆಲವು ದಿನ ಅವನು ಶಾಂತನಾದಂತೆಯೇ ಕಂಡ. ಅನಂತರ ತೋಳುಗಳ ಮೇಲೆ ನೇರಳೆ ಬಣ್ಣದ ಕಲೆಗಳು ಎದ್ದವು; ಬೇವಿನ ಕಡ್ಡಿ ಜಗಿದರೆ ಒಸಡು ಕೆಂಪಾಗುತ್ತಿತ್ತು. ಗೋಡೆಗೆ ತಾನೇ ಗುದ್ದಿಕೊಂಡ ಗುರುತುಗಳೆಂದು ಅವನ ಹೆಂಡತಿ ಎಣ್ಣೆ ಹಚ್ಚಿದಳು.

ಆ ದಿನ ನಾನು ಪೂಜೆಗೆ ಕುಳಿತಿದ್ದೆ. ಹಿಂದಿನಿಂದ ಬಂದವನು ಪೆಟ್ಟಿಗೆಯನ್ನು ಒದ್ದ. ದೇವರು, ಗಂಟೆ, ಗಂಧದ ಬಟ್ಟಲು ಅಂಗಳದ ಕಲ್ಲಿನ ಮೇಲೆ ಸಿಡಿದವು. ನನ್ನ ಕೊರಳಿಗೆ ಎರಡು ಹೆಬ್ಬೆರಳುಗಳು ಇಳಿದವು.

“ಯಾವನಲೇ ನೀ? ನಮ್ಮಣ್ಣನ ಮಣೀ ಮ್ಯಾಲ ಯಾಕ್ ಕುಂತಿ? ನಮ್ಮಣ್ಣಗ ಏನ್ ಮಾಡಿದಿ ಹೇಳು!”

ಅಣ್ಣನ ಮೇಲಿನ ಪ್ರೀತಿಯಿಂದ ಅವನು ಅಣ್ಣನನ್ನೇ ಕೊಲ್ಲುತ್ತಿದ್ದ. ಹೇಳಲು ನನ್ನಲ್ಲಿ ಉಸಿರಿರಲಿಲ್ಲ. ಕಣ್ಣಿನ ಮುಂದೆ ಕಪ್ಪು ಇಳಿಯಿತು. ಬಾಯಲ್ಲಿದ್ದ ಮಂತ್ರ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಅವನ ಹೆಂಡತಿ ಸರಿಯಿದ್ದ ಕೈಯಿಂದ ತಾಮ್ರದ ಕೊಡವನ್ನೆತ್ತಿ ಅವನ ಬೆನ್ನಿಗೆ ಹೊಡೆದಳು. ಅವನು ನನ್ನನ್ನು ಬಿಟ್ಟು ಅವಳತ್ತ ನುಗ್ಗಿದ. ಚೆಲ್ಲಿದ ನೀರಿನಲ್ಲಿ ಕಾಲು ಜಾರಿ, ಮುಖ ಬಾಗಿಲಿನ ಕಲ್ಲುಚೌಕಟ್ಟಿಗೆ ಬಡಿಯಿತು. ಮೂಗು ಒಡೆಯಿತು.

ಒಡೆದ ಮೂಗುಗಳನ್ನು ಆ ಮನೆ ಬಹಳ ಕಂಡಿದೆ. ಆದರೆ ಈ ರಕ್ತ ನಿಲ್ಲಲಿಲ್ಲ. ಧೋತರ ಒತ್ತಿದೆವು, ನೆನೆಯಿತು. ಸೀರೆ ಒತ್ತಿದೆವು, ನೆನೆಯಿತು. ಉಸ್ತಾದ ಗರಡಿಯಿಂದ ಹಿಡಿ ಮಣ್ಣನ್ನು ತಂದ. ಅದೂ ಕೆಸರಾಗಿ ಜಾರಿತು. ಅವನು ಕೆಮ್ಮಿದಾಗಲೆಲ್ಲ ಗೋಡೆ ಕೆಂಪಾಗುತ್ತಿತ್ತು.

ಜೀಪು ಹಿಡಿದು ಯಾದಗಿರಿಯ ಆಸ್ಪತ್ರೆಗೆ ಹೊರಟೆವು. ಉಸ್ತಾದ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರುಮಾಲಿನಿಂದ ಮೂಗನ್ನು ಒತ್ತಿ ಹಿಡಿದಿದ್ದ. ತಮ್ಮ ಒದ್ದ, ಉಗುರಿನಿಂದ ಗೀರಿದ, ಶಹಾಪುರ ದಾಟುವಾಗ ಗೆಳೆಯನ ಹೆಬ್ಬೆರಳನ್ನು ಎಲುಬಿನವರೆಗೆ ಕಚ್ಚಿದ. ಉಸ್ತಾದ ಬೆರಳನ್ನು ಬಿಡಿಸಿಕೊಳ್ಳಲಿಲ್ಲ. “ಕಚ್ಚು ಯಾರ್, ಕಚ್ಚು. ಹಲ್ಲರ ಗಟ್ಟಿ ಅದಾವ,” ಎನ್ನುತ್ತಲೇ ಅಳುತ್ತಿದ್ದ. ಭೀಮೆಯ ಸೇತುವೆ ಬರುವಷ್ಟರಲ್ಲಿ ತಮ್ಮನ ದವಡೆ ತಾನಾಗಿ ಸಡಿಲವಾಯಿತು. ಆ ಸಡಿಲವೇ ನಮ್ಮನ್ನು ಹೆಚ್ಚು ಹೆದರಿಸಿತು.

ವೈದ್ಯರು ರಕ್ತ ಪರೀಕ್ಷಿಸಿ, ಇವರ ರಕ್ತ ಗಟ್ಟಿಯಾಗುವುದನ್ನೇ ಮರೆತಿದೆ, ಗುಳಿಗೆಯ ಜೊತೆ ಬೇರೇನು ತಿಂದಿದ್ದಾರೆ ಎಂದು ಕೇಳಿದರು. ಉಸ್ತಾದ ಮುಚ್ಚಿಡದೆ ತನ್ನ ತಂಬಿಗೆಯ ಖುರಾಕನ್ನು ವಿವರಿಸಿದ. ಹೇಳುತ್ತ ಹೇಳುತ್ತ ವೈದ್ಯರ ಮುಖ ನೋಡಿ ಅವನ ಧ್ವನಿ ಕುಗ್ಗಿತು. ರೈಲಿನಲ್ಲಿ ಬಂದಿಳಿದ ಮಗಳು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದಳು. ನೇರವಾಗಿ ಬಂದು ಆ ಹಿರಿಯನ ಅಂಗಿಯ ಕೊರಳನ್ನು ಹಿಡಿದು ಗೋಡೆಗೆ ನೂಕಿದಳು.

“ಕೊಂದ್ರಿ ಚಾಚಾ! ರಕ್ತ ತೆಳುವು ಮಾಡೋ ಗುಳಿಗಿ ತಿನ್ನಾವಗ ಅಷ್ಟು ಅರಿಸಿನ, ಅಷ್ಟು ಮೆಣಸು! ಗುಳಿಗೀ ಬಲ ಎಷ್ಟು ಏರಿರಬೇಕು! ಚಮಚಾ ಅಲ್ಲ, ತಂಬಿಗಿ! ತಂಬಿಗಿ!”

“ಪೈಲ್ವಾನಗ ಚಮಚಾದಾಗ ಹ್ಯಾಂಗ ಕೊಡ್ಲಿ ಬೇಟಾ,” ಎಂದ ಅವನು. ನೆಪ ಹೇಳುವವನ ಧ್ವನಿಯಲ್ಲ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. “ನನ್ನೇ ಹೊಡಿ. ಹೊಡಿ, ಕೈ ಎತ್ತಂಗಿಲ್ಲ.”

ಅವಳು ಹೊಡೆಯಲಿಲ್ಲ. ಅವನ ಎದೆಗೇ ಹಣೆಯನ್ನು ಬಡಿದುಕೊಂಡಳು. ರಕ್ತ ಬೇಕೆಂದಾಗ ಮೊದಲು ತೋಳು ಚಾಚಿದವನೂ ಅವನೇ. ವಯಸ್ಸು ನೋಡಿ ಬೇಡವೆಂದರು. ಅವನು ಫೋನು ಮಾಡಿದ. ಸುರಪುರದಿಂದ ಗರಡಿಯ ಶಿಷ್ಯರು ಬಂದು, ಮುದುಡಿದ ಕಿವಿ, ಅಗಲ ಭುಜಗಳ ಸಾಲಾಗಿ ಆ ಓಣಿಯಂಥ ಕೋಣೆಯಲ್ಲಿ ನಿಂತರು. ಅವರ ರಕ್ತದಿಂದ ನನ್ನ ತಮ್ಮ ಬದುಕಿದ.

ಕಳಿಸುವಾಗ ವೈದ್ಯರು ಸ್ಪಷ್ಟವಾಗಿ ಹೇಳಿದರು: ಇಂಥ ಇನ್ನೊಂದು ಪೆಟ್ಟನ್ನು ಈ ದೇಹ ತಡೆಯುವುದಿಲ್ಲ, ಕಟ್ಟಿಡಿ, ಇಲ್ಲವೆ ಬೀಗವಿರುವ ಕಡೆ ಸೇರಿಸಿ. ಹಿಂದಿರುಗುವಾಗ ಶಹಾಪುರದಲ್ಲಿ ತಮ್ಮನ ಹೆಂಡತಿ ಜೀಪು ನಿಲ್ಲಿಸಲು ಹೇಳಿದಳು. ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಕಬ್ಬಿಣದ ಅಂಗಡಿಗೆ ಹೋದಳು. ಚೀಲವೊಂದನ್ನು ಹಿಡಿದು ಬಂದಳು. ಚೀಲ ಕಾಲಬಳಿ ಕುಳಿತಾಗ ಆದ ಸದ್ದಿನಿಂದ ಒಳಗೇನಿದೆಯೆಂದು ತಿಳಿಯಿತು.

ಮನೆಗೆ ಬಂದ ಮೇಲೆ ಸರಪಳಿ ಕಟ್ಟೆಯ ಮೇಲೆ ಬಿದ್ದಿತ್ತು. ಅವನು ಮಲಗಿಯೇ ಇದ್ದುದರಿಂದ ಅದನ್ನು ಮುಟ್ಟುವ ಅಗತ್ಯ ಬೀಳಲಿಲ್ಲ. ಅವನಿಗೆ ಬಲ ಬಂದ ದಿನ, ಅಷ್ಟೂ ದಿನ ಮುಖ ತೋರಿಸದಿದ್ದ ಉಸ್ತಾದ ಬರಿಗೈಯಲ್ಲಿ ಬಂದು ಅಂಗಳದ ಮಣ್ಣಿನ ಬದಿಯಲ್ಲಿ, ತುಳಸಿಯ ಪಕ್ಕ ನಿಂತ. “ಭಾಭಿ, ಮಾಫಿ ಕೇಳಾಕ ಬಂದೀನಿ,” ಎಂದ. ಆಕೆ ಉತ್ತರಿಸುವ ಮೊದಲೇ ತಮ್ಮ ಒಳಗಿನಿಂದ ಹಾರಿಬಂದ.

ಕೊರಳು ಹಿಡಿದ, ಮೊಣಕಾಲು ಹೊಟ್ಟೆಗೆ ಹೊಡೆದ, ಗಡ್ಡ ಹಿಡಿದು ಜಗ್ಗಿದ. ಉಸ್ತಾದನ ತುಟಿ ಒಡೆಯಿತು. ಅವನಿಗೆ ಇನ್ನೂ ಬಲವಿತ್ತು, ಪಟ್ಟುಗಳೂ ನೆನಪಿದ್ದವು. ಆದರೆ ಎಲ್ಲಿ ಹಿಡಿದರೆ ರಕ್ತ ಬಂದೀತೋ ಎಂಬ ಭಯದಿಂದ ಕೈಗಳನ್ನು ತೆರೆದೇ ಇಟ್ಟಿದ್ದ. ಮಗಳು ಕಿರುಚಿದಳು. ತಮ್ಮನ ಹೆಂಡತಿ ಸರಪಳಿಯನ್ನು ಎತ್ತಿಕೊಂಡಳು. ಆಗ ಉಸ್ತಾದನ ಹಿಮ್ಮಡಿ ತುಳಸಿಯ ಬುಡದ ಒದ್ದೆಯಲ್ಲಿ ಜಾರಿ, ಅವನು ಅಂಗಾತ ಬಿದ್ದ.

ತಮ್ಮ ತುಳಿಯಲು ಕಾಲೆತ್ತಿದ್ದ. ಎತ್ತಿದ ಕಾಲು ಅಲ್ಲಿಯೇ ನಿಂತಿತು. ಮೆಲ್ಲಗೆ ಕೆಳಗಿಳಿಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ, ತೊಡೆ ತಟ್ಟಿದ, ಬಾಗಿ ಗೆಳೆಯನ ಕೈ ಹಿಡಿದು ಎಬ್ಬಿಸಿದ. ಅವನ ಬೆನ್ನಿಗೆ ಹತ್ತಿದ ಮಣ್ಣನ್ನು ಅಂಗೈಯಿಂದ ಒರೆಸಿ, ಅದನ್ನು ತನ್ನ ಹಣೆಗೆ ಇಟ್ಟುಕೊಂಡ. “ಚೊಲೋ ಹಿಡಿದಿ,” ಎಂದು ಹೇಳಿ ಕಟ್ಟೆಯ ಮೇಲೆ ಹೋಗಿ ಕುಳಿತ. ಅವನ ಉಸಿರು ಇಳಿಯಿತು.

ಉಸ್ತಾದ ತುಟಿಯ ರಕ್ತವನ್ನು ನೆಕ್ಕಿಕೊಂಡು, “ಇಡೀ ಜನ್ಮದಾಗ ಆಗದ್ದು ಇವತ್ತ ಮಾಡಿದ ನೋಡ್ರಿ ಬದ್ಮಾಶ್. ಅದೂ ತುಳಸೀ ಕಟ್ಟೀ ಮುಂದ! ಗರಡ್ಯಾಗ ಯಾರೂ ಹೇಳಬ್ಯಾಡ್ರಿ,” ಎಂದ.

ಅಂದು ಸರಪಳಿ ಅವಳ ಕೈಯಿಂದ ಕೆಳಗಿಳಿಯಿತು. ಮರುದಿನ ಉಸ್ತಾದ ಶಿಷ್ಯರನ್ನು ಕರೆತಂದು ಅಂಗಳದ ಚಪ್ಪಡಿಗಳನ್ನು ಹಾರೆಯಿಂದ ಕೀಳಿಸಿದ. ಗರಡಿಯಂತೆಯೇ ಮಣ್ಣು ಜರಡಿ ಹಿಡಿದು, ಅರಿಸಿನ, ಎಣ್ಣೆ, ಮಜ್ಜಿಗೆ ಬೆರೆಸಿ, ಮೊಣಕಾಲುದ್ದ ತುಂಬಿಸಿದ. ಮಗಳು ಬಾಗಿಲಚೌಕಟ್ಟಿಗೆ ಹತ್ತಿಯ ಹಾಸು ಕಟ್ಟಿದಳು. ಊರಲ್ಲಿದ್ದಷ್ಟು ದಿನ ಅಪ್ಪನ ಗುಳಿಗೆಗಳನ್ನು ತನ್ನ ಕೈಯಿಂದಲೇ ಕೊಟ್ಟಳು. ಅರಿಸಿನದ ರಾಶಿಯನ್ನು ನೋಡಿ ಅವಳು ಹುಬ್ಬೇರಿಸಿದಾಗ, “ಹೆದರಬ್ಯಾಡ ಬೇಟಾ, ಇದು ಕುಡಿಸೂದಲ್ಲ,” ಎಂದ ಉಸ್ತಾದ. ಅವಳು ನಕ್ಕು ತಾನೂ ತುಳಿಯಲು ಇಳಿದಳು.

ನಾವು ಬೀಳುವುದನ್ನು ಕಲಿತೆವು. ಅವನು ಏರಿ ಬಂದಾಗ ಓಡಬಾರದು, ಕೈ ಎತ್ತಬಾರದು. ಬೆನ್ನನ್ನು ಮಣ್ಣಿಗೆ ಕೊಡಬೇಕು. ಇದು ಎಲ್ಲ ಸಲವೂ ಫಲಿಸಿತೆಂದು ಬರೆದರೆ ಸುಳ್ಳಾದೀತು. ಬೀಳುವ ಮುನ್ನವೇ ಏಟು ಬಿದ್ದದ್ದುಂಟು; ನನ್ನ ಮುಂದಿನ ಹಲ್ಲೊಂದು ಹಾಗೆ ಹೋಯಿತು, ಮಗಳ ಕೆನ್ನೆ ಹಾಗೆ ಊದಿತು. ರೋಗವೂ ಹಿಂದೆ ಸರಿಯಲಿಲ್ಲ. ಅವನ ತಲೆಯೊಳಗಿನ ಕಾವಲುಗಾರರು ಯಾರ ಬೆನ್ನನ್ನೂ ನೋಡುವವರಲ್ಲ. ಅವರ ಬಡಿಗೆ ಇಂದಿಗೂ ಬೀಸುತ್ತಲೇ ಇದೆ, ಮಗಳು ಕಲಬುರಗಿಗೆ ಮರಳಿ ಹುಡುಕುತ್ತಲೇ ಇದ್ದಾಳೆ.

ನಾನು ಮೊದಲು ಬಿದ್ದ ದಿನವನ್ನು ಹೇಳಿ ಮುಗಿಸುತ್ತೇನೆ. ಗುರುಗಳಿಗೂ ದೇವರಿಗೂ ಸಾಷ್ಟಾಂಗವಾಗಿ ಎದೆಯನ್ನು ನೆಲಕ್ಕಿಟ್ಟವನು ನಾನು. ಕಿರಿಯನ ಮುಂದೆ ಅಂಗಾತ ಮಲಗುವುದನ್ನು ಯಾವ ಪಾಠವೂ ಕಲಿಸಿರಲಿಲ್ಲ. ಅವನು ಹಲ್ಲು ಕಚ್ಚಿಕೊಂಡು, ಗದೆಯಿಲ್ಲದ ಕೈಯನ್ನು ಗದೆಯಂತೆ ಬೀಸುತ್ತ ಬಂದ. ಕೊರಳಿನ ಹಳೆಯ ನೋವು ಎಚ್ಚರವಾಯಿತು. ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದೆ. ಮಣ್ಣು ಮೆತ್ತಗಿತ್ತು, ಅರಿಸಿನದ ವಾಸನೆಯಿತ್ತು. ಅನಂತರ ನನ್ನ ಕಂಕುಳಿಗೆ ಎರಡು ಕೈಗಳು ಬಂದವು. ನನ್ನನ್ನು ಎತ್ತಿ ನಿಲ್ಲಿಸಿ, ಬೆನ್ನನ್ನು ಒರೆಸಿ, ಜಾರಿದ ಶಲ್ಯವನ್ನು ಹೆಗಲಿಗೆ ಹಾಕಿದವು. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

“ಅಣ್ಣಾ, ನೀ ಯಾವಾಗ ಕುಸ್ತಿ ಕಲ್ತಿ?” ಎಂದ.

ಮರುಗಳಿಗೆಗೆ ಆ ಗುರುತು ಆರಿಹೋಯಿತು. ಸರಪಳಿ ಈಗ ಬಾವಿಯಿಂದ ನೀರು ಸೇದುವ ಕೊಡಕ್ಕಿದೆ. ಅವನು ಅದೇ ನೀರಿನಲ್ಲಿ ಮೈ ತೊಳೆದುಕೊಂಡು ತನ್ನ ಮನೆಯಲ್ಲೇ ಮಲಗುತ್ತಾನೆ.

ಮುರಿದ ಕೈಯಿಂದ ಮನೆಯನ್ನು ಹಿಡಿದವಳಿಗೆ ಸೌಭಾಗ್ಯವಿರಲಿ. ಪ್ರೀತಿಯಿಂದ ತಪ್ಪಿ, ಪ್ರೀತಿಯಿಂದಲೇ ಬಿದ್ದ ಗೆಳೆಯನಿಗೆ ಅವನು ನಂಬಿದ ದೇವರು ದೀರ್ಘಾಯುಸ್ಸನ್ನು ಕೊಡಲಿ. ಹುಡುಕುವವಳ ಕಣ್ಣಿಗೆ ಬೆಳಕು ಸಿಗಲಿ. ರಕ್ತ ಕೊಟ್ಟ ತೋಳುಗಳು ಬಲಿಯಲಿ. ಗಾಜಿನ ಪೆಟ್ಟಿಗೆಗಳಲ್ಲಿ ನಮಗಾಗಿ ಪ್ರಾಣ ಬಿಟ್ಟ ಇಲಿಗಳಿಗೂ ಸದ್ಗತಿಯಾಗಲಿ. ನನ್ನ ತಮ್ಮನ ತಲೆಯೊಳಗಿನ ಆ ಕಾವಲುಗಾರರಿಗೂ ನನ್ನ ಶಾಪವಿಲ್ಲ; ಅವರಿಗೂ ಒಂದು ದಿನ ವಿಶ್ರಾಂತಿ ದೊರೆಯಲಿ.